ಹಳ್ಳದ ದಂಡೆಗೆ ನೀರವಂಜಿ



ಮಳೆಗಾಲ ಮುಗಿದು ಹಳ್ಳದ ನೀರು ತಿಳಿಯಾದ ಮೇಲೆ ತೋಟದ ಕೆಳಗಿನ ಅಂಚಿನಲ್ಲಿ ಒಮ್ಮೆ ನಡೆದು ನೋಡಿದರೆ, ಈ ವರ್ಷ ನಮ್ಮ ಜಮೀನು ಎಷ್ಟು ಕಡಿಮೆಯಾಯಿತೆಂಬುದು ತಿಳಿಯುತ್ತದೆ. ಪಹಣಿಯಲ್ಲಿ ಮಾತ್ರ ಅದು ಕಡಿಮೆಯಾಗುವುದಿಲ್ಲ. ಹೋದ ವರ್ಷ ದಂಡೆಯಿಂದ ನಾಲ್ಕು ಅಡಿ ಒಳಗಿದ್ದ ಅಡಿಕೆ ಮರ ಈ ವರ್ಷ ಬೇರು ಬಿಟ್ಟುಕೊಂಡು ನೀರಿನ ಮೇಲೆ ಬಾಗಿ ನಿಂತಿರುತ್ತದೆ. ಬರುವ ವರ್ಷ ಅದು ಇರುವುದಿಲ್ಲ.

ಇದನ್ನು ಲೆಕ್ಕದಲ್ಲಿ ಹೇಳುವುದಾದರೆ, 300 ಅಡಿ ಉದ್ದದ ದಂಡೆಯಿರುವ ಸಣ್ಣ ಹಿಡುವಳಿದಾರರೊಬ್ಬರ ಜಮೀನಿನಲ್ಲಿ ಧರೆಯು ವರ್ಷಕ್ಕೆ ಒಂದೇ ಒಂದು ಅಡಿ ಹಿಂದೆ ಸರಿಯಿತೆಂದು ಇಟ್ಟುಕೊಳ್ಳೋಣ. ಹತ್ತು ವರ್ಷಕ್ಕೆ 3000 ಚದರ ಅಡಿ, ಅಂದರೆ ಎರಡೂ ಮುಕ್ಕಾಲು ಗುಂಟೆ ಹೋಯಿತು. 9 ಅಡಿಗೆ 9 ಅಡಿ ಅಂತರದಲ್ಲಿ ಅಡಿಕೆ ಹಾಕಿದವರಿಗೆ ಅದು ಸುಮಾರು 37 ಮರ ನಿಲ್ಲುವ ಜಾಗ. ಅದೂ ಎಂಥ ಜಾಗ! ವರ್ಷಾನುವರ್ಷ ಮೇಲಿನಿಂದ ಇಳಿದುಬಂದ ಮೆಕ್ಕಲು ಮಣ್ಣು ಕೂತಿರುವ, ಬೇಸಿಗೆಯಲ್ಲೂ ತೇವ ಆರದ, ತೋಟದಲ್ಲೇ ಅತ್ಯುತ್ತಮವಾದ ಅಂಚು.

ಇದಕ್ಕೆ ಪರಿಹಾರವೇನೆಂದು ಸಂಘದ ಕಚೇರಿಗೆ ಬಂದು ಕೇಳುವವರಿಗೆ ಸಾಮಾನ್ಯವಾಗಿ ಮನಸ್ಸಿನಲ್ಲಿರುವುದು ಕಲ್ಲು ಕಟ್ಟಣೆ ಅಥವಾ ಕಾಂಕ್ರೀಟು ಗೋಡೆ. ಕೈಯಲ್ಲಿ ಹಣವಿರುವವರು ಕಟ್ಟಿಸಿಕೊಳ್ಳಲಿ, ಬೇಡವೆನ್ನುವುದಿಲ್ಲ. ಎರಡು ಎಕರೆ, ಮೂರು ಎಕರೆ ಹಿಡುವಳಿಯ ಬೆಳೆಗಾರರಿಗೆ ಅದು ಆಗುವ ಮಾತಲ್ಲ. ಅಂಥವರಿಗಾಗಿ ಈ ಪಾಠದಲ್ಲಿ ನಮ್ಮದೇ ಹೊಳೆಗಳ ಒಂದು ಹಳೆಯ ಮರದ ವಿಷಯವನ್ನು ತಿಳಿಸುತ್ತೇವೆ. ಅದರ ಹೆಸರು ನೀರವಂಜಿ. ಕೆಲವರು ನೀರಂಜಿ ಎಂದೂ ಹೇಳುವುದುಂಟು.

ಮರದ ಗುರುತು

ನೀರವಂಜಿಯು ವಿಲೋ ಜಾತಿಯ ಮರ. ವಿಲೋ ಎಂದೊಡನೆ ನಮ್ಮ ಹುಡುಗರಿಗೆ ಕ್ರಿಕೆಟ್ ಬ್ಯಾಟು ನೆನಪಾಗುತ್ತದೆ. ಬ್ಯಾಟಿನ ಮರ ಇಂಗ್ಲೆಂಡಿನ ಬಿಳಿ ವಿಲೋ. ಕಾಶ್ಮೀರದಲ್ಲಿ ಬೆಳೆಸುವುದೂ ಅದನ್ನೇ. ನಮ್ಮದು ಅದರ ದಾಯಾದಿ. ಆದ್ದರಿಂದ ನೀರವಂಜಿ ನೆಟ್ಟು ಬ್ಯಾಟಿನ ಕಾರ್ಖಾನೆಗೆ ಮಾರಬಹುದೆಂಬ ಆಸೆ ಯಾರಿಗೂ ಬೇಡ. ವಿಲೋ ಜಾತಿಯ ಮರಗಳಲ್ಲಿ ಹೆಚ್ಚಿನವು ಚಳಿ ದೇಶದವು. ಸೆಖೆಯ ನಾಡಿಗೆ ಹೊಂದಿಕೊಂಡು, ಪಶ್ಚಿಮ ಘಟ್ಟದ ಹೊಳೆ ಹಳ್ಳಗಳ ಅಂಚಿನಲ್ಲಿ ತಾನಾಗಿ ಬೆಳೆಯುವುದು ಈ ಒಂದು. ಹಿಮಾಲಯದ ತಪ್ಪಲಿನಲ್ಲಿಯೂ, ಪೂರ್ವದ ಹಲವು ದೇಶಗಳಲ್ಲಿಯೂ ಇದು ಇದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕೋರಮಂಡಲ ತೀರದ ಗಿಡಮರಗಳ ಬಗ್ಗೆ ಚಿತ್ರಸಹಿತ ಗ್ರಂಥ ಬರೆದ ವಿಲಿಯಂ ರಾಕ್ಸ್‌ಬರ್ಗ್ ಇದಕ್ಕೆ ಸ್ಯಾಲಿಕ್ಸ್ ಟೆಟ್ರಾಸ್ಪರ್ಮಾ ಎಂದು ಶಾಸ್ತ್ರೀಯ ಹೆಸರಿಟ್ಟರು. ಟೆಟ್ರಾಸ್ಪರ್ಮಾ ಎಂದರೆ ನಾಲ್ಕು ಬೀಜದ್ದು ಎಂದರ್ಥ. ಸಂಸ್ಕೃತದಲ್ಲಿ ಜಲವೇತಸವೆಂದು ಹೇಳುವುದು ಇದನ್ನೇ.

ಊರಿಂದೂರಿಗೆ ಹೆಸರು ಬದಲಾಗುವುದರಿಂದ ಲಕ್ಷಣ ನೋಡಿ ಗುರುತು ಹಿಡಿಯುವುದು ಕ್ಷೇಮ. ಮಧ್ಯಮ ಗಾತ್ರದ ಮರ. ತೊಗಟೆ ಒರಟು, ಉದ್ದುದ್ದಕ್ಕೆ ಆಳವಾಗಿ ಬಿರುಕು ಬಿಟ್ಟಿರುತ್ತದೆ. ಎಲೆ ಈಟಿಯ ಮೊನೆಯಂತೆ ನೀಳವಾಗಿ, ನಿಮ್ಮ ಮಧ್ಯದ ಬೆರಳಿಗಿಂತ ಉದ್ದವಾಗಿರುತ್ತದೆ. ಅಂಚಿನಲ್ಲಿ ಬಹು ಸಣ್ಣ ಹಲ್ಲುಗಳು. ಮೇಲ್ಭಾಗ ಹಸುರು, ಮಗುಚಿ ನೋಡಿದರೆ ಬೂದಿ ಬಳಿದಂಥ ಬಿಳುಪು. ಎಳೆ ಚಿಗುರನ್ನು ಸವರಿದರೆ ರೇಷ್ಮೆಯ ನಯ. ಮಳೆಗಾಲ ಕಳೆದ ಮೇಲೆ ಎಲೆ ಉದುರಿಸಿ ಬೋಳಾಗುತ್ತದೆ. ಬಳಿಕ ಚಿಗುರಿನೊಡನೆ ಬೆರಳುದ್ದದ ತೆನೆಗಳು ಬರುತ್ತವೆ. ಗಂಡು ತೆನೆ ಒಂದು ಮರದಲ್ಲಿ, ಹೆಣ್ಣು ತೆನೆ ಇನ್ನೊಂದು ಮರದಲ್ಲಿ. ಜೇನು ಸಾಕಿದ ಸದಸ್ಯರು ಗಂಡು ಮರವನ್ನು ಗಮನಿಸಬೇಕು. ಹಳದಿ ತೆನೆಗಳಿಗೆ ಪರಾಗಕ್ಕಾಗಿ ಜೇನು ಬರುತ್ತದೆ. ಹೆಣ್ಣು ಮರದ ಕಾಯಿ ಒಡೆದಾಗ ಹತ್ತಿಯಂಥ ಎಳೆಗಳಿರುವ ಬೀಜ ಗಾಳಿಗೆ ಹಾರುತ್ತದೆ.

ಹೊಳೆಯ ಬಂಡೆಗಳ ಸಂದಿನಲ್ಲಿ ಕಣಗಿಲೆಯ ಎಲೆಯಂಥ ಎಲೆಯಿರುವ ಗಟ್ಟಿ ಪೊದೆಯೊಂದು ಬೆಳೆಯುತ್ತದಷ್ಟೆ. ಅದನ್ನೇ ನೀರವಂಜಿಯೆಂದು ಕೆಲವರು ತಿಳಿದಿದ್ದಾರೆ. ಅದು ಹೊಮೊನೋಯಾ ಎಂಬ ಬೇರೆಯೇ ಗಿಡ, ಹರಳಿನ ಕುಟುಂಬದ್ದು. ಅದೂ ಹೊಳೆಗೆ ಒಳ್ಳೆಯದೇ, ಕೀಳಬೇಡಿ. ಇನ್ನು ಪೇಟೆಯ ನರ್ಸರಿಗಳಲ್ಲಿ ಜೋಲು ಕೊಂಬೆಯ ಅಲಂಕಾರದ ವಿಲೋ ಸಿಗುತ್ತದೆ. ಅದು ಚೀನಾ ಮೂಲದ್ದು. ಉದ್ಯಾನಕ್ಕೆ ಚಂದ, ನಮ್ಮ ಹಳ್ಳಕ್ಕೆ ಬೇಡ. ಆಸ್ಟ್ರೇಲಿಯಾ ದೇಶದಲ್ಲಿ ಹೊಳೆಯ ದಂಡೆ ಉಳಿಸಲೆಂದು ಪರದೇಶದ ವಿಲೋಗಳನ್ನು ತಂದು ನೆಟ್ಟರು; ಅವು ಮುರಿದ ಕೊಂಬೆ ಕೊಂಬೆಯಿಂದಲೂ ಬೇರೂರಿ ಹೊಳೆಯನ್ನೇ ಆಕ್ರಮಿಸಿದವು. ಇಂದು ಅಲ್ಲಿ ಅವುಗಳಲ್ಲಿ ಬಹುಪಾಲನ್ನು ರಾಷ್ಟ್ರಮಟ್ಟದ ಕಳೆಯೆಂದು ಘೋಷಿಸಿ ತೆಗೆಯುವುದಕ್ಕೆ ಖರ್ಚು ಮಾಡುತ್ತಿದ್ದಾರೆ. ಗುಣ ಒಂದೇ, ಊರು ಬೇರೆಯಾದರೆ ಫಲ ಬೇರೆ. ನಮ್ಮ ಮರ ನಮ್ಮ ಹೊಳೆಯ ಹುಳು, ಹಕ್ಕಿ, ಪ್ರವಾಹಗಳ ಲೆಕ್ಕದೊಳಗೇ ಬೆಳೆದು ಬಂದದ್ದು. ಕಿತ್ತಳೆ ಬಣ್ಣದ ರೆಕ್ಕೆಯ ಮೇಲೆ ಕರಿ ಚುಕ್ಕೆಗಳಿರುವ ಚಿಟ್ಟೆಯೊಂದು ಇದರ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಅದರ ಹುಳು ಒಂದಿಷ್ಟು ಎಲೆ ತಿಂದರೆ ಔಷಧಿ ಹೊಡೆಯಲು ಓಡಬೇಡಿ.

ದಂಡೆ ಏಕೆ ಕುಸಿಯುತ್ತದೆ

ನೆಡುವ ಕ್ರಮಕ್ಕೆ ಮೊದಲು ಇದನ್ನು ಅರಿಯಬೇಕು. ಇದನ್ನರಿಯದೆ ನೆಟ್ಟವರ ಗಿಡವೂ ಹೋಗುತ್ತದೆ, ಧರೆಯೂ ಹೋಗುತ್ತದೆ.

ಧರೆ ಮೇಲಿನಿಂದ ಬೀಳುವುದು ನಮ್ಮ ಕಣ್ಣಿಗೆ ಕಾಣುತ್ತದೆ. ಆದರೆ ಅದು ಕೆಡುವುದು ಬುಡದಲ್ಲಿ. ಹಳ್ಳ ತಿರುಗುವಲ್ಲಿ ನೀರಿನ ರಭಸವೆಲ್ಲ ಹೊರಗಿನ ಅಂಚಿಗೆ ಹೊಡೆಯುತ್ತದೆ. ಒಳಗಿನ ಅಂಚಿನಲ್ಲಿ ನೀರು ನಿಧಾನವಾಗಿ ಮರಳು ಬೀಳುತ್ತದೆ. ಹೊರ ಅಂಚಿನ ಬುಡವನ್ನು ನೀರು ಕೊರೆಯುತ್ತ ಗುಹೆ ಮಾಡುತ್ತದೆ. ಮೇಲೆ ಹುಲ್ಲು, ಕಾಫಿ, ಸಿಲ್ವರ್ ಓಕ್ ಎಲ್ಲವೂ ಹಾಗೆಯೇ ನಿಂತಿರುತ್ತವೆ. ಪ್ರವಾಹ ಇರುವಷ್ಟು ಹೊತ್ತು ನೀರೇ ಧರೆಗೆ ಒತ್ತು ಕೊಟ್ಟು ನಿಲ್ಲಿಸಿರುತ್ತದೆ. ನೀರು ಇಳಿದ ಮರುದಿನ, ಮಣ್ಣು ನೀರು ಕುಡಿದು ಭಾರವಾಗಿರುವಾಗ, ಎದುರಿನ ಒತ್ತು ತಪ್ಪಿ ಇಡೀ ಧರೆ ಒಮ್ಮೆಲೇ ಕಳಚಿಕೊಳ್ಳುತ್ತದೆ. ಮಳೆ ಬಿಟ್ಟ ಮೇಲೆ ಬಿಸಿಲಿನಲ್ಲಿ ಧರೆ ಜರಿಯಿತೆಂದು ಆಶ್ಚರ್ಯಪಡುವವರಿದ್ದಾರೆ; ಆಶ್ಚರ್ಯವೇನಿಲ್ಲ.

ಆದ್ದರಿಂದ ಧರೆಯ ನೆತ್ತಿಯ ಮೇಲೆ ದೊಡ್ಡ ಮರ ಬೆಳೆಸಿ ಬುಡವನ್ನು ಬರಿದಾಗಿ ಬಿಟ್ಟರೆ ಪ್ರಯೋಜನವಿಲ್ಲ. ಬುಡ ಕೊರೆದ ಮೇಲೆ ಆ ಮರದ ಭಾರವೇ ಧರೆಯನ್ನು ಎಳೆದು ಹಾಕುತ್ತದೆ. ಬೇಕಾದದ್ದು ನೀರಿನ ಗೆರೆಯಲ್ಲೇ ನಿಂತು, ತಿಂಗಳುಗಟ್ಟಲೆ ನೀರಿನಲ್ಲಿ ಮುಳುಗಿದರೂ ಉಸಿರುಕಟ್ಟಿ ಸಾಯದ ಬೇರು. ಕಾಫಿಯ ಬೇರು ನಿಂತ ನೀರಿನಲ್ಲಿ ಕೊಳೆಯುತ್ತದೆ. ಅಡಿಕೆಯ ಬೇರು ಹಳದಿಯಾಗಿ ಸೊರಗುತ್ತದೆ. ಸಿಲ್ವರ್ ಓಕ್ ಅಂತೂ ಜೌಗನ್ನು ತಾಳುವುದೇ ಇಲ್ಲ. ನೀರವಂಜಿ ಹಾಗಲ್ಲ. ನೀರು ಏರಿದಾಗ ಕಾಂಡದ ಮುಳುಗಿದ ಭಾಗದಿಂದಲೇ ಹೊಸ ಬೇರು ಬಿಡುತ್ತದೆ. ಮಣ್ಣು ಬಿದ್ದು ಬುಡ ಹೂತುಹೋದರೆ ಆ ಮಣ್ಣಿನೊಳಕ್ಕೂ ಬೇರು ಇಳಿಸುತ್ತದೆ. ನೀರಿನ ಅಂಚಿನಲ್ಲಿ ಕೂದಲಿನಂಥ ಸಣ್ಣ ಬೇರುಗಳ ಚಾಪೆಯನ್ನೇ ಹೆಣೆಯುತ್ತದೆ. ಎಳೆಯ ಕೊಂಬೆಗಳು ಪ್ರವಾಹಕ್ಕೆ ಎದುರು ನಿಲ್ಲದೆ ಬಾಗಿ ಮಲಗುತ್ತವೆ. ಮಲಗಿದ ಕೊಂಬೆಗಳ ನಡುವೆ ನೀರಿನ ವೇಗ ತಗ್ಗಿ, ಅದು ಹೊತ್ತು ತಂದ ಮಣ್ಣು ಅಲ್ಲೇ ಕೂರುತ್ತದೆ. ಗೋಡೆ ನೀರನ್ನು ತಡೆದು ನಿಲ್ಲುತ್ತದೆ, ಇದು ನೀರಿನಿಂದ ಮಣ್ಣು ವಸೂಲು ಮಾಡುತ್ತದೆ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿಯೂ, 2019ರ ಆಗಸ್ಟಿನಲ್ಲಿ ಕೊಡಗು, ಚಿಕ್ಕಮಗಳೂರು ಜಿಲ್ಲೆಗಳಲ್ಲಿಯೂ ಆದ ಅನಾಹುತವನ್ನು ಎಲ್ಲರೂ ಬಲ್ಲೆವು. ಅದರ ತರುವಾಯ ನೀರವಂಜಿ ಹಾಕಿದರೆ ಗುಡ್ಡ ಜರಿಯುವುದು ನಿಲ್ಲುತ್ತದೆಯೇ ಎಂಬ ಪ್ರಶ್ನೆ ಸಹಜ. ನಿಲ್ಲುವುದಿಲ್ಲ. ಗುಡ್ಡದ ಇಳಿಜಾರು ಕಳಚುವುದು ಬೇರೆ ವಿಷಯ. ಅದಕ್ಕೆ ಮೇಲಿನ ನೀರಿನ ದಾರಿ, ರಸ್ತೆಗೆಂದು ಕಡಿದ ಧರೆ, ಮಣ್ಣಿನ ಆಳ ಇವೆಲ್ಲ ಕಾರಣವಾಗುತ್ತವೆ. ಇಲ್ಲಿ ಹೇಳುತ್ತಿರುವುದು ಹಳ್ಳ ಹೊಳೆಗಳ ದಂಡೆಗೆ, ಜೌಗು ಹಡ್ಲಿಗೆ ಮಾತ್ರ ಅನ್ವಯಿಸುತ್ತದೆ.

ನೆಡುವ ಕ್ರಮ

ಬೀಜದಿಂದ ಬೆಳೆಸುವ ಗೋಜಿಗೆ ಹೋಗಬೇಡಿ. ಇದರ ಬೀಜ ರವೆಗಿಂತ ಸಣ್ಣದು, ಅದರ ಆಯುಸ್ಸು ಬಹಳ ಕಡಿಮೆ, ಒದ್ದೆಯಾದ ಬರಿ ಮೆಕ್ಕಲಿನ ಮೇಲೆ ತಕ್ಷಣ ಬಿದ್ದರೆ ಮಾತ್ರ ಹುಟ್ಟುತ್ತದೆ. ಕಾಫಿ ಬೀಜದಂತೆ ಒಣಗಿಸಿ ಇಟ್ಟು ಬಿತ್ತುವ ಜಾತಿಯಲ್ಲ. ತಾಯಿ ಮರಗಳನ್ನು ಕಡಿದು ಹಾಕಿದ ಹಳ್ಳಗಳಲ್ಲಿ ಇದು ತಾನಾಗಿ ಮರಳಿ ಬರುವುದು ಕಷ್ಟವಾಗಿರುವುದಕ್ಕೂ ಇದೇ ಕಾರಣ.

ಆದರೆ ಕೊಂಬೆಯ ತುಂಡಿನಿಂದ ಬರುವುದರಲ್ಲಿ ಇದಕ್ಕೆ ಸಮನಾದ ಮರ ಕಡಿಮೆ. ಕಾಫಿಗೆ ನೆರಳಿಗೆಂದು ಹಾಲುವಾಣದ ಗೂಟ ನೆಟ್ಟು ಅಭ್ಯಾಸವಿರುವ ನಮಗೆ ಇದೇನೂ ಹೊಸ ವಿದ್ಯೆಯಲ್ಲ. ವ್ಯತ್ಯಾಸವಿರುವುದು ಕಾಲದಲ್ಲಿ. ಹಾಲುವಾಣವನ್ನು ಮಳೆ ಹಿಡಿಯುವ ಹೊತ್ತಿಗೆ ನೆಡುತ್ತೇವೆ. ನೀರವಂಜಿಯನ್ನು ಹಳ್ಳದ ದಂಡೆಗೆ ಜೂನಿನಲ್ಲಿ ನೆಟ್ಟರೆ ಬೇರು ಬಿಡುವ ಮೊದಲೇ ಆಷಾಢದ ನೀರು ಕಿತ್ತೊಯ್ಯುತ್ತದೆ. ಮಳೆಗಾಲ ಮುಗಿದು ನೀರು ಇಳಿದು, ಮರ ಎಲೆ ಉದುರಿಸಿ ಮಲಗಿರುವ ಹೊತ್ತು, ಅಕ್ಟೋಬರ್ ಕೊನೆಯಿಂದ ಡಿಸೆಂಬರಿನೊಳಗೆ, ಇದಕ್ಕೆ ಯುಕ್ತ ಕಾಲ. ಆಗ ದಂಡೆಯಲ್ಲಿ ತೇವವಿರುತ್ತದೆ, ಕೊಂಬೆಯಲ್ಲಿ ಆಹಾರ ಶೇಖರವಾಗಿರುತ್ತದೆ, ಮುಂದಿನ ಮಳೆಗೆ ಆರೇಳು ತಿಂಗಳ ಅವಧಿ ಸಿಗುತ್ತದೆ. ಕಾಫಿ ಕುಯಿಲು, ಅಡಿಕೆ ಕೊಯ್ಲು ಎಲ್ಲ ಅದೇ ಸಮಯಕ್ಕೆ ಬರುತ್ತದೆ, ಆಳುಗಳು ಸಿಗುವುದಿಲ್ಲವೆಂಬ ಆಕ್ಷೇಪಣೆ ನಮಗೆ ಗೊತ್ತಿದೆ. 300 ಅಡಿ ದಂಡೆಗೆ ಇಬ್ಬರಿಗೆ ಎರಡು ಮೂರು ದಿನದ ಕೆಲಸ. ಮನೆಯವರೇ ಮಾಡಿಕೊಳ್ಳಬಹುದು.

ಒಂದು ಎರಡು ವರ್ಷ ಬಲಿತ, ಹೆಬ್ಬೆರಳಿನಿಂದ ಹಾರೆಯ ದಪ್ಪದವರೆಗಿನ ನೇರ ಕೊಂಬೆಗಳನ್ನು ಆರಿಸಿಕೊಳ್ಳಿ. ತುದಿಯ ಎಳೆಯ ಭಾಗ ಬೇಡ. ಒಂದೇ ಮರದಿಂದ ಎಲ್ಲ ತುಂಡುಗಳನ್ನು ತೆಗೆಯಬೇಡಿ. ಹಾಗೆ ಮಾಡಿದರೆ ಸಾಲಿನಲ್ಲಿರುವುದೆಲ್ಲ ಒಂದೇ ಗಿಡದ ಪಡಿಯಚ್ಚಾಗಿ, ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುತ್ತದೆ, ಮೇಲಾಗಿ ಎಲ್ಲವೂ ಗಂಡು ಅಥವಾ ಎಲ್ಲವೂ ಹೆಣ್ಣಾಗುತ್ತವೆ. ನಾಲ್ಕೈದು ಮರಗಳಿಂದ ಸ್ವಲ್ಪ ಸ್ವಲ್ಪ ತನ್ನಿ. ಕೆಳಗಿನ ತುದಿಯನ್ನು ಓರೆಯಾಗಿ, ಮೇಲಿನ ತುದಿಯನ್ನು ಸಮವಾಗಿ ಹರಿತವಾದ ಕತ್ತಿಯಿಂದ ಒಂದೇ ಏಟಿಗೆ ಕಡಿಯಬೇಕು. ಹೀಗೆ ಕಡಿದರೆ ಯಾವುದು ಬುಡ, ಯಾವುದು ತುದಿ ಎಂಬ ಗೊಂದಲವೂ ಇರುವುದಿಲ್ಲ. ತಲೆಕೆಳಗಾಗಿ ನೆಟ್ಟ ಗೂಟ ಚಿಗುರಲು ಪರದಾಡುತ್ತದೆ.

ಕಡಿದ ತುಂಡುಗಳನ್ನು ಕಟ್ಟು ಕಟ್ಟಿ ಹಳ್ಳದ ನೀರಿನಲ್ಲಿ ಒಂದೆರಡು ದಿನ ಮುಳುಗಿಸಿಡಿ. ಬೇರು ಬರಿಸುವ ಪುಡಿ, ದ್ರಾವಣ ಯಾವುದೂ ಬೇಕಿಲ್ಲ. ವಿಲೋ ಜಾತಿಯ ಕೊಂಬೆಗಳ ತೊಗಟೆಯ ಕೆಳಗೆ ಬೇರಿನ ಮೊಳಕೆ ಮೊದಲೇ ಸಿದ್ಧವಾಗಿ ಕಾದಿರುತ್ತದೆ. ಅಂಗಡಿಯವರು ಕೊಡುವ ಡಬ್ಬಿಯ ಹಣ ಉಳಿಸಿ.

ಸಾಧಾರಣ ದಂಡೆಗೆ ಒಂದೂವರೆಯಿಂದ ಎರಡಡಿ ಉದ್ದದ ತುಂಡು ಸಾಕು. ಅದರ ಮೂರರಲ್ಲಿ ಎರಡು ಪಾಲು ಮಣ್ಣಿನೊಳಗಿರಬೇಕು, ಮೇಲೆ ಎರಡು ಮೂರು ಕಣ್ಣು ಕಂಡರೆ ಸಾಕು. ನೀರು ಜೋರಾಗಿ ಬರುವಲ್ಲಿ ಐದಾರು ಅಡಿಯ ಗೂಟವನ್ನೇ ಮೂರಡಿ ಆಳಕ್ಕೆ ಇಳಿಸಬೇಕು. ಕೊಡತಿಯಿಂದ ಬಡಿದು ಇಳಿಸುವುದು ತಪ್ಪು. ತಲೆ ಸೀಳುತ್ತದೆ, ತೊಗಟೆ ಸುಲಿಯುತ್ತದೆ. ಮೊದಲು ಹಾರೆಯಿಂದ ಕುಳಿ ಮಾಡಿ, ಗೂಟವನ್ನಿಳಿಸಿ, ಸುತ್ತಲೂ ಮಣ್ಣು ಬಿಗಿಯಾಗಿ ಜಡಿದು, ಕೈಯಿಂದ ಎಳೆದರೂ ಅಲುಗಾಡದಂತೆ ನೋಡಿ. ಒಳಗೆ ಗಾಳಿ ಉಳಿದರೆ ಬೇರು ಒಣಗುತ್ತದೆ. ಸಾಲು ಬೇಸಿಗೆಯ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲಿರಲಿ. ಮೂರಡಿಗೊಂದರಂತೆ ಎರಡು ಸಾಲು, ಒಂದರ ಸಂದಿಗೆ ಇನ್ನೊಂದು ಬರುವಂತೆ.

ತಿರುವಿನ ಹೊರ ಅಂಚಿನಲ್ಲಿ, ಬುಡ ಕೊರೆದು ಗುಹೆಯಾಗಿರುವಲ್ಲಿ, ಬರಿ ತುಂಡು ಊರಿದರೆ ಸಾಲದು. ಅಲ್ಲಿ ಮಾಡಬೇಕಾದದ್ದು ಹೀಗೆ. ಮೊದಲು ನೆತ್ತಿಯಲ್ಲಿ ಜೋತುಬಿದ್ದ ಮಣ್ಣನ್ನು ಇಳಿಸಿ ಧರೆಯನ್ನು ಓರೆ ಮಾಡಿ. ಹಳ್ಳದಲ್ಲೇ ಸಿಗುವ ದೊಡ್ಡ ಗುಂಡುಗಳನ್ನು ಬುಡದ ಗೆರೆಗೆ ಒಂದು ಸಾಲು ಸೇರಿಸಿ. ನಂತರ ನೀರವಂಜಿಯ ಹಸಿ ಕೊಂಬೆಗಳನ್ನು ಎಂಟು ಹತ್ತು ಅಡಿ ಉದ್ದಕ್ಕೆ, ತೊಡೆಯಷ್ಟು ದಪ್ಪದ ಸಿವುಡುಗಳಾಗಿ ಕಟ್ಟಿ, ಕಲ್ಲಿನ ಹಿಂದೆ ದಂಡೆಯುದ್ದಕ್ಕೂ ತೋಡಿದ ಸಣ್ಣ ಅಗಳಿನಲ್ಲಿ ಅರ್ಧ ಹೂತುಹೋಗುವಂತೆ ಮಲಗಿಸಿ. ಮೂರು ಮೂರು ಅಡಿಗೆ ಗೂಟ ಹೊಡೆದು ಬಂಧಿಸಿ, ಮೇಲೆ ತೆಳುವಾಗಿ ಮಣ್ಣು ಎಳೆಯಿರಿ. ಗೂಟಗಳೂ ಹಸಿ ನೀರವಂಜಿಯವೇ ಆದರೆ ಅವೂ ಬೇರೂರುತ್ತವೆ. ಮಲಗಿಸಿದ ಸಿವುಡು ಉದ್ದಕ್ಕೂ ಚಿಗುರಿ ಬೇಲಿಯಂತೆ ಏಳುತ್ತದೆ. ಕೊಂಬೆ ಸಾಲದಿದ್ದರೆ ಗೂಟ ನೀರವಂಜಿಯದಿರಲಿ, ನಡುವೆ ಬಿದಿರಿನ ಸೀಳಿನಿಂದ ತಟ್ಟಿ ಹೆಣೆಯಿರಿ; ಬಿದಿರು ಎರಡು ಮೂರು ಮಳೆಗೆ ಕುಂಬಾಗುವಷ್ಟರಲ್ಲಿ ಜೀವಂತ ಗೂಟಗಳು ಆ ಕೆಲಸ ವಹಿಸಿಕೊಂಡಿರುತ್ತವೆ. ದನ ಬಿಡುವ ಕಡೆ ಮೊದಲ ಎರಡು ವರ್ಷ ಮುಳ್ಳು ಒತ್ತಬೇಕಾಗುತ್ತದೆ. ಚಿಗುರು ದನಗಳಿಗೆ ಬಹಳ ಪ್ರಿಯ, ಒಂದೇ ದಿನದಲ್ಲಿ ಸಾಲು ಸಾಫಾಗುತ್ತದೆ.

ನೀರವಂಜಿಯೊಂದೇ ಸಾಕೆಂಬುದು ನಮ್ಮ ಅಭಿಪ್ರಾಯವಲ್ಲ. ಬುಡಕ್ಕೆ ಇದು, ಅದರ ಮೇಲೆ ಓರೆಯಲ್ಲಿ ಲಕ್ಕಿ, ಲಾವಂಚ, ನೆತ್ತಿಯಿಂದ ಸ್ವಲ್ಪ ಹಿಂದಕ್ಕೆ ಹೊಂಗೆ, ಹೊಳೆಮತ್ತಿ, ನೀರುನೇರಳೆ ಇಂಥವು. ಈಗಾಗಲೇ ಕೇದಗೆ, ವಾಟೆ ಇದ್ದ ಕಡೆ ಅವುಗಳನ್ನು ಕಿತ್ತು ಇದನ್ನು ನೆಡುವುದು ಬುದ್ಧಿವಂತಿಕೆಯಲ್ಲ.

ಎಲ್ಲಿ ನೆಡಬಾರದು

ಅಡಿಕೆ ತೋಟದ ಬಸಿಗಾಲುವೆಗಳ ಅಂಚಿನಲ್ಲಿ ಎಂದಿಗೂ ಬೇಡ. ನೀರು ಹುಡುಕಿಕೊಂಡು ಹೋಗುವ ಇದರ ಬೇರು ಕಾಲುವೆಯೊಳಗೆ ಚಾಪೆ ಹೆಣೆದು ನೀರು ಕಟ್ಟಿಸುತ್ತದೆ. ತೋಟದಲ್ಲಿ ನೀರು ನಿಂತರೆ ಅಡಿಕೆಗೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಜೊತೆಗೆ ತೋಟದ ಮಗ್ಗುಲಲ್ಲಿ ಒತ್ತಾದ ಸೊಪ್ಪು ಬೆಳೆದು ಗಾಳಿ ಆಡದಿದ್ದರೆ ಕೊಳೆರೋಗಕ್ಕೆ ಅನುಕೂಲ ಮಾಡಿಕೊಟ್ಟಂತೆ. ಮೊದಲ ಸಾಲಿನ ಅಡಿಕೆ ಅಥವಾ ಕಾಫಿಯಿಂದ 15 ಅಡಿಯಾದರೂ ದೂರವಿರಲಿ. ಬಾವಿ, ನೀರಿನ ತೊಟ್ಟಿ, ನೆಲದೊಳಗಿನ ಪೈಪು, ಮನೆಯ ಅಡಿಪಾಯ ಇವುಗಳಿಂದ ಇನ್ನೂ ದೂರ, 30 ಅಡಿಗೆ ಕಡಿಮೆಯಿಲ್ಲದಂತೆ.

ರಸ್ತೆಯ ಮೋರಿಯ ಮೇಲೂ ಕೆಳಗೂ ಹತ್ತಿರದಲ್ಲಿ ನೆಡಬಾರದು. ಕೊಂಬೆ ಮುರಿದು ಮೋರಿಗೆ ಸಿಕ್ಕಿಕೊಂಡರೆ ನೀರು ರಸ್ತೆ ಹತ್ತುತ್ತದೆ, ಇಲ್ಲವೆ ಪಕ್ಕದವರ ಗದ್ದೆಗೆ ನುಗ್ಗುತ್ತದೆ. ಆರಡಿಗಿಂತ ಕಿರಿದಾದ ತೋಡುಗಳಿಗೂ ಇದು ದೊಡ್ಡದಾಯಿತು. ಅಲ್ಲಿಗೆ ಲಾವಂಚವೇ ಸಾಕು.

ಒರತೆಯ ಕಣ್ಣಿನ ಮೇಲೆ ನೆಡಬಾರದು. ಈ ಮರ ನೀರು ಕುಡಿಯುವುದರಲ್ಲಿ ಧಾರಾಳಿ. ಫೆಬ್ರವರಿ, ಮಾರ್ಚಿಯಲ್ಲಿ ರೊಬಸ್ಟಾಗೆ ಹೂಮಳೆಯ ಬದಲು ನೀರು ಹೊಡೆಯುವವರಿಗೆ ಹಳ್ಳದ ಒಂದೊಂದು ಕೊಡವೂ ಲೆಕ್ಕದ್ದು. ಹಾಗಾದರೆ ಮರಗಳು ಹಳ್ಳವನ್ನೇ ಬತ್ತಿಸುವುದಿಲ್ಲವೇ ಎಂದು ಕೇಳಬಹುದು. ದಂಡೆಗೆ ಎರಡು ಸಾಲು ಮಾತ್ರ, ಅದನ್ನೂ ಕಾಲಕಾಲಕ್ಕೆ ಸವರುತ್ತಿದ್ದರೆ ಭಯಪಡಬೇಕಾಗಿಲ್ಲವೆಂದು ನಮ್ಮ ಎಣಿಕೆ. ಇಡೀ ಹಡ್ಲಿಗೆ ಒತ್ತಾಗಿ ತುಂಬಿಸಿದರೆ ಬೇಸಿಗೆಯಲ್ಲಿ ಕೆಳಗಿನವರಿಗೆ ನೀರು ತಗ್ಗಬಹುದು. ಪಾಳುಬಿದ್ದ ಜೌಗು ಗದ್ದೆಯಲ್ಲಿ ನೆಡುವವರು ನೀರು ಸದಾ ನಿಲ್ಲುವ ತಗ್ಗಿನ ಅಂಚಿಗೆ ಮಾತ್ರ ನೆಡಲಿ.

ಉತ್ತರ ಕನ್ನಡದ ಸದಸ್ಯರಿಗೆ ಒಂದು ವಿಶೇಷ ಸೂಚನೆ. ಕಾಡಿನೊಳಗಿನ ರಾಮಪತ್ರೆ ಜಡ್ಡಿಗಳಲ್ಲಿ ನೀರವಂಜಿಯನ್ನಾಗಲಿ, ಬೇರೆ ಯಾವುದೇ ಗಿಡವನ್ನಾಗಲಿ ತಂದು ನೆಡಬೇಡಿ. ಮೊಣಕಾಲಿನಂತೆ ಬೇರು ಮೇಲೆತ್ತಿ ನಿಂತಿರುವ ಆ ಮರಗಳ ಜೌಗು ಬಹು ಪುರಾತನವಾದದ್ದು, ಎಲ್ಲೋ ಕೆಲವೇ ಕಡೆ ಉಳಿದಿರುವುದು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ಜಡ್ಡಿಯಲ್ಲಿ 2000ದ ಸುಮಾರಿಗೆ ಕೂಡ ಗೇರಿನ ಕುಟುಂಬದ ಹೊಸ ಮರವೊಂದನ್ನು ಸಸ್ಯಶಾಸ್ತ್ರಜ್ಞರು ಗುರುತಿಸಿ ಆ ಊರಿನ ಹೆಸರನ್ನೇ ಅದಕ್ಕಿಟ್ಟರು. ಅಂಥಲ್ಲಿಗೆ ನಮ್ಮ ಕೃಷಿ ಹೋಗಬಾರದು.

ಸವರುವುದು, ಬಳಸುವುದು

ನೆಟ್ಟು ಬಿಟ್ಟರೆ ಮುಗಿಯಲಿಲ್ಲ. ಸವರದೆ ಬಿಟ್ಟ ನೀರವಂಜಿ ತಲೆಭಾರವಾಗುತ್ತದೆ. ಇದರ ಮರ ಹಗುರ, ಮೆದು. ಕೊಂಬೆ ಗಾಳಿಗೆ ಮುರಿಯುತ್ತದೆ. ದೊಡ್ಡ ಬೊಡ್ಡೆಯೊಂದು ಹಳ್ಳಕ್ಕೆ ಅಡ್ಡ ಬಿದ್ದರೆ ನೀರು ಪಕ್ಕಕ್ಕೆ ತಿರುಗಿ, ಉಳಿಸಲು ಹೊರಟ ದಂಡೆಯನ್ನೇ ಕೊರೆಯುತ್ತದೆ. ಆದ್ದರಿಂದ ಮೂರನೆಯ ವರ್ಷದಿಂದ ಮೊದಲ್ಗೊಂಡು ಎರಡು ಮೂರು ವರ್ಷಕ್ಕೊಮ್ಮೆ ಎದೆಯೆತ್ತರಕ್ಕೆ ಕಡಿಯಿರಿ. ಒಮ್ಮೆಲೇ ಇಡೀ ಸಾಲನ್ನು ಬೋಳಿಸದೆ, ಈ ವರ್ಷ ಒಂದು ಬಿಟ್ಟು ಒಂದು, ಬರುವ ವರ್ಷ ಉಳಿದವು. ಕಾಫಿಯ ಮರಗಸಿ ಬಲ್ಲವರಿಗೆ ಇದು ಕಲಿಸಬೇಕಾದ್ದಲ್ಲ. ಮಳೆಗಾಲದ ಮೊದಲು ಸವರಿದರೆ ಪ್ರವಾಹದ ವೇಳೆಗೆ ಬಳಕುವ ಎಳೆಯ ಕೊಂಬೆಗಳಿರುತ್ತವೆ, ದಂಡೆಗೆ ಅದೇ ಬೇಕಾದದ್ದು.

ಸವರಿದ ಸೊಪ್ಪು ದನಕ್ಕೆ ಮೇವು, ಇಲ್ಲವೆ ಅಡಿಕೆಯ ಬುಡಕ್ಕೆ ಹಸಿರು ಗೊಬ್ಬರ. ಸಪೂರ ಬರಲುಗಳಿಂದ ಬುಟ್ಟಿ ಹೆಣೆಯಬಹುದು. ದಪ್ಪನೆಯ ತುಂಡುಗಳು ನಿಮ್ಮದೇ ಮುಂದಿನ ಸಾಲಿಗೆ ಗೂಟ, ಇಲ್ಲದಿದ್ದರೆ ನೆರೆಯವರಿಗೆ. ಸೌದೆಯಾಗಿ ಉತ್ತಮವಲ್ಲ, ಬೇಗ ಉರಿದುಹೋಗುತ್ತದೆ. ಇದರ ಇದ್ದಿಲು ಹಿಂದೆ ಮದ್ದಿನ ಪುಡಿಗೆ ಹೋಗುತ್ತಿತ್ತು. ಹಣದ ಬೆಳೆಯೆಂದು ಇದನ್ನು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಇದರ ಆದಾಯವೆಂದರೆ ನೀರುಪಾಲಾಗದೆ ಉಳಿದ ಗುಂಟೆಗಳು.

ತೊಗಟೆಯ ವಿಷಯ ಒಂದು ಮಾತು. ವಿಲೋ ತೊಗಟೆಯ ಕಷಾಯ ಜ್ವರ, ನೋವಿಗೆ ಆಗುತ್ತದೆಂಬುದು ಹಲವು ದೇಶಗಳ ಪುರಾತನ ಅನುಭವ. ಅದರ ಸಾರವಾದ ಸ್ಯಾಲಿಸಿನ್ ಎಂಬುದನ್ನು 1828ರಲ್ಲಿ ಬೇರ್ಪಡಿಸಿದರು. ಅದೇ ಜಾಡಿನಲ್ಲಿ ಹೊರಟ ರಸಾಯನಶಾಸ್ತ್ರ 1897ರಲ್ಲಿ ಜರ್ಮನಿಯಲ್ಲಿ ಇಂದಿನ ಆಸ್ಪಿರಿನ್ನಿಗೆ ಬಂದು ನಿಂತಿತು. ಹಾಗೆಂದು ತೊಗಟೆ ಕೆತ್ತಿ ಕುದಿಸಿ ಕುಡಿಯಬೇಡಿ. ಪ್ರಮಾಣ ತಿಳಿಯದು, ಹೊಟ್ಟೆ ಕೆಡುತ್ತದೆ, ಸುತ್ತಲೂ ತೊಗಟೆ ಕೆತ್ತಿದ ಮರವೂ ಸಾಯುತ್ತದೆ.

ಎದುರು ದಂಡೆಯವರು

ಇದುವರೆಗೆ ಹೇಳಿದ್ದೆಲ್ಲ ಕೈಕೆಲಸ. ಇನ್ನು ಹೇಳಬೇಕಾದದ್ದು ಕಷ್ಟದ್ದು.

ಹಳ್ಳಕ್ಕೆ ಎರಡು ದಂಡೆ. ಒಂದನ್ನು ಭದ್ರ ಮಾಡಿದರೆ ನೀರು ತನ್ನ ಜಾಗವನ್ನು ಇನ್ನೊಂದು ಕಡೆ ಹುಡುಕುತ್ತದೆ. ಕಾಂಕ್ರೀಟು ಗೋಡೆಯಾದರಂತೂ ನೇರವಾಗಿ ಎದುರು ದಂಡೆಗೆ ಚಿಮ್ಮಿಸುತ್ತದೆ. ನೀರವಂಜಿ ವೇಗವನ್ನೂ ತಗ್ಗಿಸುವುದರಿಂದ ಹಾನಿ ಕಡಿಮೆ, ಆದರೆ ಇಲ್ಲವೇ ಇಲ್ಲವೆನ್ನಲಾರೆವು. ಆಚೆ ದಡದ ಮೂರೆಕರೆಯವರ ಗದ್ದೆ ಕೊಚ್ಚಿಹೋಗಿ ಈಚೆಯವರ ಮೇಲೆ ದೂರು ಬಂದ ಪ್ರಕರಣಗಳು ನಮ್ಮ ಸಂಘದ ವ್ಯಾಪ್ತಿಯಲ್ಲೇ ಇವೆ. ಎರಡೂ ಕಡೆಯವರು ನಮ್ಮ ಸದಸ್ಯರೇ ಆಗಿರುವಾಗ ಯಾರ ಪರ ಮಾತನಾಡುವುದು? ಆದ್ದರಿಂದ ನೆಡುವ ಮೊದಲು ಎದುರು ದಂಡೆಯವರನ್ನು ಕರೆದು ತೋರಿಸಿ, ಸಾಧ್ಯವಾದರೆ ಇಬ್ಬರೂ ಒಂದೇ ವಾರದಲ್ಲಿ ನೆಡಿ. ಅವರಿಗೆ ಕೊಂಬೆ ಸಿಗದಿದ್ದರೆ ನೀವೇ ಕೊಡಿ. ಹಳ್ಳದ ಪಾತ್ರಕ್ಕೆ ಮಾತ್ರ ಯಾರೂ ಇಳಿದು ನೆಡಬಾರದು. ಹಳ್ಳವನ್ನು ಒತ್ತಿ ಹತ್ತಡಿ ಜಮೀನು ಮಾಡಿಕೊಳ್ಳಲು ಇದನ್ನು ಬಳಸುವ ಯೋಚನೆಯಿದ್ದವರಿಗೆ ಸಂಘದಿಂದ ಒಂದು ಕಡ್ಡಿಯೂ ಸಿಗುವುದಿಲ್ಲ.

ಯಂತ್ರ ತರಿಸಿ ಹಳ್ಳವನ್ನು ನೇರ ಮಾಡಿಸುವ ಪರಿಪಾಠವೂ ಹೆಚ್ಚುತ್ತಿದೆ. ತಿರುವು ತೆಗೆದರೆ ನೀರಿನ ದಾರಿ ಗಿಡ್ಡವಾಗಿ ಇಳಿಜಾರು ಹೆಚ್ಚುತ್ತದೆ, ವೇಗವೂ ಹೆಚ್ಚುತ್ತದೆ. ನೇರ ಮಾಡಿಸಿದವರ ಜಮೀನು ಒಂದೆರಡು ಮಳೆ ಚೆನ್ನಾಗಿ ಕಾಣುತ್ತದೆ, ಕೆಳಗಿನವರ ಧರೆ ಅದರ ಬೆಲೆ ತೆರುತ್ತದೆ.

ಕಾಗದಪತ್ರದ ವಿಷಯವಾಗಿ ಎರಡು ಅಂಶ. ಹಳ್ಳ ಹೊಳೆಗಳ ಜಾಗ ಕಂದಾಯ ದಾಖಲೆಯಲ್ಲಿ ಸಾಮಾನ್ಯವಾಗಿ ಖರಾಬು ಎಂದು, ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟದ್ದೆಂದು ನಮೂದಾಗಿರುತ್ತದೆ. ನಕ್ಷೆ ನೋಡಿಕೊಂಡು ನಿಮ್ಮ ಗಡಿಯೊಳಗೆ ನೆಡಿ. ಹಾಗೆಯೇ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು ಸ್ವಂತ ಜಮೀನಿನ ಮರಗಳಿಗೂ ಅನ್ವಯಿಸುವುದರಿಂದ, ಕೊಂಬೆ ಸವರುವುದು ಬೇರೆ, ಬುಡಸಹಿತ ಕಡಿಯುವುದು ಬೇರೆ ಎಂಬುದು ನೆನಪಿರಲಿ. ಬುಡ ಕಡಿಯಬೇಕಾಗಿ ಬಂದರೆ ಅರಣ್ಯ ಇಲಾಖೆಯ ವಲಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಪಲ್ಪರ್ ನೀರನ್ನು ಹಳ್ಳಕ್ಕೆ ಬಿಡುವವರು ನೀರವಂಜಿ ಅದನ್ನು ಶುದ್ಧಿ ಮಾಡುತ್ತದೆಂದು ಸಮಾಧಾನ ಮಾಡಿಕೊಳ್ಳಬೇಡಿ. ಆ ಹುಳಿ ನೀರಿಗೆ ಬೇರೆ ಹೊಂಡವೇ ಆಗಬೇಕು. ಅದರ ಬಗ್ಗೆ ಪ್ರತ್ಯೇಕವಾಗಿ ಬರೆಯುತ್ತೇವೆ.

ತಮ್ಮ ಹಳ್ಳದಲ್ಲಿ ಹಳೆಯ ನೀರವಂಜಿ ಮರಗಳಿರುವ ಸದಸ್ಯರು ಮರವೆಷ್ಟು, ಯಾವ ಹಳ್ಳ ಎಂಬುದನ್ನು ಸಂಘದ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ. ಒಂದೊಂದು ಹಳ್ಳದ ಕೊಂಬೆಯನ್ನು ಆದಷ್ಟು ಅದೇ ಹಳ್ಳದ ಮೇಲಿನವರಿಗೂ ಕೆಳಗಿನವರಿಗೂ ಹಂಚಬೇಕೆಂದಿದ್ದೇವೆ. ಕೊಂಬೆ ಬೇಕಾದವರು ದಂಡೆಯ ಉದ್ದವನ್ನು ಅಡಿಯಲ್ಲಿ ಅಳೆದು, ತಿರುವು ಎಷ್ಟಿದೆಯೆಂಬುದನ್ನೂ ಎದುರು ದಂಡೆಯವರ ಹೆಸರನ್ನೂ ಸೇರಿಸಿ, ಅಕ್ಟೋಬರ್ 15ರೊಳಗೆ ಹೆಸರು ಬರೆಸಬೇಕು. ಕತ್ತಿ, ಹಾರೆ ಅವರವರದೇ.